ಸಹಾಯ ಬೇಕು: ಬಿಸಿಲಿನಲ್ಲಿ ಪರದೆಯ ಪ್ರತಿಫಲನ ಅಳೆಯುವ ಬಗ್ಗೆ

ಎಲ್ಲ ಸದಸ್ಯರಿಗೆ ನಮಸ್ಕಾರ. ವಿಜಯಪುರದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನಾನು, ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿರುವ ಹನಿ ನೀರಾವರಿ ನಿಯಂತ್ರಕಗಳ ಎಲ್‌ಸಿಡಿ ಪರದೆ ಮಧ್ಯಾಹ್ನದ ಬಿಸಿಲಿನಲ್ಲಿ ಎಷ್ಟು ಓದಲು ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳ ಪ್ರಾಜೆಕ್ಟಿಗಾಗಿ ಅಳೆಯಲು ಹೊರಟಿದ್ದೇನೆ.

ಕತ್ತಲೆಕೋಣೆಯಲ್ಲಿ ಅಳೆದ ಕಾಂಟ್ರಾಸ್ಟ್ ಅನುಪಾತ (ಪರದೆಯ ಬಿಳಿ ಭಾಗ ಕಪ್ಪು ಭಾಗಕ್ಕಿಂತ ಎಷ್ಟು ಪಟ್ಟು ಹೊಳೆಯುತ್ತದೆ ಎಂಬ ಲೆಕ್ಕ) ಹೊಲದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನೇರ ಬಿಸಿಲು ಸುಮಾರು 1,00,000 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಮಾನ) ಇರುವಾಗ, ಅದರ ಶೇ 5ರಷ್ಟನ್ನು ಮಾತ್ರ ಎಲ್ಲ ದಿಕ್ಕಿಗೂ ಚದುರಿಸುವ ಪರದೆಯೂ ಪ್ರತಿಫಲನದಿಂದಲೇ ಸುಮಾರು 1,600 ನಿಟ್ಸ್‌ನಷ್ಟು (ಮೇಲ್ಮೈಯಿಂದ ಕಣ್ಣಿನತ್ತ ಬರುವ ಹೊಳಪಿನ ಮಾನ) ಹೊಳೆಯುತ್ತದೆ. ಪರದೆಯ ಸ್ವಂತ ಹೊಳಪು 400 ನಿಟ್ಸ್ ಇದ್ದರೆ ಬಿಳಿ-ಕಪ್ಪಿನ ಅನುಪಾತ 1.25:1ಕ್ಕೆ ಕುಸಿಯುತ್ತದೆ. ಇದರ ಮೇಲೆ ಔಷಧ ಸಿಂಪಡಣೆಯ ಬಿಳಿ ಕಲೆ ಹಿಡಿದು, ಒರೆಸಿ ಒರೆಸಿ ಗೀರು ಬಿದ್ದ ಪ್ಲಾಸ್ಟಿಕ್ ಮುಚ್ಚಳ ಬೇರೆ. ಹೊಸ ಮುಚ್ಚಳ ಕನ್ನಡಿಯಂತೆ ಒಂದೇ ಕಡೆಗೆ ಬೆಳಕು ಹಿಂದಿರುಗಿಸಿದರೆ, ಹಳೆಯದು ಅದನ್ನು ಚದುರಿಸುತ್ತದೆ. ಆದ್ದರಿಂದ ಎರಡೂ ಬಗೆಯ ಪ್ರತಿಫಲನವನ್ನು ಪ್ರತ್ಯೇಕವಾಗಿಯೇ ಅಳೆಯಬೇಕು.

ನಮ್ಮಲ್ಲಿ ಲಕ್ಸ್ ಮೀಟರ್ ಮಾತ್ರ ಇದೆ. ಪರದೆಯ ಹೊಳಪನ್ನು ಸಣ್ಣ ಕೋನದಲ್ಲಿ ಅಳೆಯುವ ಲ್ಯೂಮಿನೆನ್ಸ್ ಮೀಟರ್ ಮತ್ತು, ಹೋಲಿಕೆಗಾಗಿ, ಎಷ್ಟು ಬೆಳಕು ಹಿಂದಿರುಗಿಸುತ್ತದೆ ಎಂದು ಮೊದಲೇ ಗೊತ್ತಿರುವ ಪ್ರಮಾಣಿತ ಬಿಳಿ ಫಲಕ ಬೇಕಾಗಿವೆ. ಹೊಳಪುಕಾರಕ ಬೆರೆಸಿದ ಕಚೇರಿ ಕಾಗದ ಬಿಸಿಲಿನ ಅತಿನೇರಳೆ ಕಿರಣಕ್ಕೆ ತಾನೇ ಮಿನುಗುವುದರಿಂದ ಫಲಕದ ಬದಲಿಗೆ ನಡೆಯದು. ಬೆಳಗಾವಿ, ಬಾಗಲಕೋಟೆ ಅಥವಾ ವಿಜಯಪುರದ ಯಾವುದಾದರೂ ಪ್ರಯೋಗಾಲಯದಲ್ಲಿ ಇವು ಇದ್ದರೆ ದಯವಿಟ್ಟು ತಿಳಿಸಿ. ಉಪಕರಣ ಹೊರಗೆ ಕೊಡಲು ಬಾರದಿದ್ದರೆ ಪರದೆಗಳನ್ನು ನಾವೇ ಅಲ್ಲಿಗೆ ತರುತ್ತೇವೆ.