ಉಬುಂಟು ಏರಿಸಿದ ಮೇಲೆ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಒಳಗೊಳಗೇ ಕೆಟ್ಟಿದೆಯಾ, ನೋಡೋದು ಹೇಗೆ?

ಪ್ರಶ್ನೆ:
ಮಂಡ್ಯ ಕಡೆಯ ಹಾಲಿನ ಡೇರಿಗಳ ಲೆಕ್ಕದ ಸರ್ವರ್, ಡೇಟಾಬೇಸ್ ಪೋಸ್ಟ್‌ಗ್ರೆಸ್ 14.2. ಓಎಸ್ ಉಬುಂಟು 18.04ರಿಂದ 20.04ಕ್ಕೆ ಏರಿಸಿದೆವು, ಡೇಟಾ ಡೈರೆಕ್ಟರಿ ಮುಟ್ಟಿಲ್ಲ. ಸದಸ್ಯರ ಕೋಡ್ ಟೆಕ್ಸ್ಟ್ ಕಾಲಂ: ಊರಿನ ನಂಬರ್, ಹೈಫನ್, ಸದಸ್ಯರ ನಂಬರ್. ಈಗ 1-30 ಅಂತ ಹುಡುಕಿದರೆ ಸಿಗುತ್ತಿಲ್ಲ, ಪೂರ್ತಿ ಪಟ್ಟಿ ತೆಗೆದರೆ ಇದೆ. ಲಾಗ್‌ನಲ್ಲಿ ಎರರ್ ಇಲ್ಲ, ಪಿಜಿ-ಡಂಪ್ ಬ್ಯಾಕಪ್ ಕೂಡ ಸಲೀಸಾಗಿ ಮುಗಿಯಿತು. ಬಟವಾಡೆಗೆ ಮೊದಲು ಇನ್ನೆಲ್ಲೆಲ್ಲಿ ಕೆಟ್ಟಿದೆ ಅಂತ ಗೊತ್ತಾಗಬೇಕು.

ಉತ್ತರ 1:
ಡಂಪ್ ಮುಗಿದದ್ದನ್ನು ನಂಬಬೇಡಿ ಸರ್. ಅದು ಟೇಬಲನ್ನೇ ನೇರ ಓದುತ್ತೆ, ಸದಸ್ಯರ ಇಂಡೆಕ್ಸ್ (ಬೇಗ ಹುಡುಕಲು ವಿಂಗಡಿಸಿಟ್ಟ ಪಟ್ಟಿ) ಕಡೆ ಹೋಗೋದೇ ಇಲ್ಲ. ಬೈಟ್ ಕೆಟ್ಟರೆ ಹಿಡಿಯೋ ಚೆಕ್‌ಸಮ್‌ಗೂ ಸಿಗಲ್ಲ; ಬೈಟ್‌ಗಳು ಸರಿಯಾಗೇ ಇವೆ, ಬದಲಾಗಿರೋದು ವಿಂಗಡಣೆಯ ಕ್ರಮ. ಅದನ್ನು ಪೋಸ್ಟ್‌ಗ್ರೆಸ್ ಓಎಸ್‌ನ ಜಿಲಿಬ್‌ಸಿ ಲೈಬ್ರರಿಯಿಂದ ತಗೊಳ್ಳುತ್ತೆ. 18.04ರಲ್ಲಿ ಜಿಲಿಬ್‌ಸಿ 2.27, 20.04ರಲ್ಲಿ 2.31, ನಡುವೆ 2.28ರಲ್ಲಿ ಕ್ರಮ ಬದಲಾಯಿತು. ಮೊದಲು ಹೈಫನ್ ಲೆಕ್ಕಕ್ಕಿರಲಿಲ್ಲ: 12-1 ಅಂದರೆ 121, 1-30 ಅಂದರೆ 130, ಹಾಗಾಗಿ 12-1 ಮುಂದೆ. ಈಗ ಹೈಫನ್ ಅಂಕಿಗಿಂತ ಮುಂಚೆ, 1-30 ಮುಂದೆ. ಇಂಡೆಕ್ಸ್ ಹಳೇ ಸಾಲಿನಲ್ಲೇ ನಿಂತಿದೆ, ಹುಡುಕಾಟ ಬೇರೆ ಕೊಂಬೆಗೆ ಇಳಿಯುತ್ತೆ.

ಡೀಫಾಲ್ಟ್ ಕೊಲೇಶನ್ನಿನ (ವಿಂಗಡಣೆಯ ನಿಯಮದ) ಆವೃತ್ತಿ ಗಮನಿಸೋದು ಬಂದದ್ದು ಪೋಸ್ಟ್‌ಗ್ರೆಸ್ 15ರಲ್ಲಿ, ನಿಮ್ಮ ಲಾಗ್ ಸುಮ್ಮನಿರೋದು ಅದಕ್ಕೇ. ಪೂರ್ಣಾಂಕ, ದಿನಾಂಕ, ಬರೀ ಬೈಟ್ ಕ್ರಮದ ಸಿ ಕೊಲೇಶನ್‌ನ ಇಂಡೆಕ್ಸ್‌ಗಳಿಗೆ ಇದರಿಂದ ತೊಂದರೆ ಇಲ್ಲ.

ಉತ್ತರ 2:
ಸರ್ವರ್ ನಿಲ್ಲಿಸಿ ಡೇಟಾ ಡೈರೆಕ್ಟರಿಯ ಪ್ರತಿ ತೆಗೆದಿಡಿ, ಹಳೇ ಬ್ಯಾಕಪ್ ಮೇಲೆ ಬರೆಯಬೇಡಿ. ಆಮೇಲೆ ಸರ್ವರ್ ಶುರು ಮಾಡಿ, ಇಂಡೆಕ್ಸ್ ಪರೀಕ್ಷಿಸೋ ಪಿಜಿ-ಆಮ್‌ಚೆಕ್ ಅನ್ನು ಇನ್‌ಸ್ಟಾಲ್-ಮಿಸ್ಸಿಂಗ್ (ಬೇಕಾದ ಎಕ್ಸ್‌ಟೆನ್ಶನ್ ಹಾಕುತ್ತೆ), ಹೀಪ್‌ಆಲ್‌ಇಂಡೆಕ್ಸ್ಡ್ (ಟೇಬಲ್ಲಿನ ಸಾಲೆಲ್ಲ ಇಂಡೆಕ್ಸ್‌ನಲ್ಲಿದೆಯಾ ನೋಡುತ್ತೆ) ಆಯ್ಕೆ ಕೊಟ್ಟು ಓಡಿಸಿ. 'ಐಟಂ ಆರ್ಡರ್ ಇನ್‌ವೇರಿಯಂಟ್ ವಯಲೇಟೆಡ್' ಅಂತ ಬಂದ ಇಂಡೆಕ್ಸ್ ಕೆಟ್ಟಿದೆ. ಪೇರೆಂಟ್-ಚೆಕ್ ಆಯ್ಕೆ ಇನ್ನೂ ಆಳಕ್ಕೆ ನೋಡುತ್ತೆ, ಆದರೆ ಮುಗಿಯೋ ತನಕ ಟೇಬಲ್ಲಿಗೆ ಬರೆಯಲು ಬಿಡಲ್ಲ. ಬೆಳಿಗ್ಗೆ, ಸಂಜೆ ಹಾಲು ಅಳೆಯೋ ಹೊತ್ತಿನಲ್ಲಿ ಬೇಡವೇ ಬೇಡ.

ಉತ್ತರ 3:
ಅವಸರಕ್ಕೆ ರೀಇಂಡೆಕ್ಸ್ (ಇಂಡೆಕ್ಸನ್ನು ಹೊಸದಾಗಿ ಕಟ್ಟೋದು) ಕೊಡಬೇಡಿ. ಒಂದೇ ಕೋಡ್ ಎರಡು ಸಲ ಬಿಡಬಾರದ ಯೂನಿಕ್ ಇಂಡೆಕ್ಸ್‌ಗೆ ಹಳೇ ಸಾಲು ಕಾಣದೆ ಅದೇ ಕೋಡ್ ಮತ್ತೆ ಸೇರಿದ್ದರೆ ರೀಇಂಡೆಕ್ಸ್ ಅರ್ಧಕ್ಕೇ ಎರರ್ ಕೊಟ್ಟು ನಿಲ್ಲುತ್ತೆ. ಕೆಟ್ಟ ಇಂಡೆಕ್ಸ್ ಬಳಕೆಯಾಗದಂತೆ ಇಂಡೆಕ್ಸ್‌ಸ್ಕ್ಯಾನ್, ಇಂಡೆಕ್ಸ್‌ಓನ್ಲಿಸ್ಕ್ಯಾನ್, ಬಿಟ್‌ಮ್ಯಾಪ್‌ಸ್ಕ್ಯಾನ್ ಮೂರನ್ನೂ ಆ ಸೆಷನ್‌ನಲ್ಲಿ ಆಫ್ ಮಾಡಿ, ಕೋಡ್ ಮೇಲೆ ಗ್ರೂಪ್ ಬೈ ಹಾಕಿ, ಕೌಂಟ್ 1ಕ್ಕಿಂತ ಹೆಚ್ಚಿರೋದು ತೆಗೆಯಿರಿ. ಸಿಕ್ಕ ಜೋಡಿಯಲ್ಲಿ ಒಂದನ್ನು ಅಳಿಸಿ ಕೈತೊಳೆದುಕೊಳ್ಳಬೇಡಿ. ಎರಡರ ಹೆಸರಲ್ಲೂ ಹಾಲಿನ ನಮೂದು ಇರಬಹುದು, ರೈತರ ದುಡ್ಡು ಅದು. ನಮೂದುಗಳನ್ನು ಒಂದಕ್ಕೆ ಸೇರಿಸಿ ಆಮೇಲೆ ಅಳಿಸಿ.

14.2 ಅಂದಿರಿ, ಅದು ಇನ್ನೊಂದು ಅಪಾಯ. 14.0ರಿಂದ 14.3ರವರೆಗೆ, ಬರೆಯೋದು ನಿಲ್ಲಿಸದೆ ಕಟ್ಟೋ ರೀಇಂಡೆಕ್ಸ್ ಕನ್‌ಕರೆಂಟ್ಲಿಯೇ ಇಂಡೆಕ್ಸ್ ಕೆಡಿಸಬಲ್ಲದು, ಸರಿಯಾದದ್ದು 2022ರ ಜೂನ್‌ನ 14.4ರಲ್ಲಿ. 14ರ ಕೊನೆಯ ಆವೃತ್ತಿ ಹಾಕಿಕೊಂಡೇ ರೀಇಂಡೆಕ್ಸ್ ಮಾಡಿ, ಮತ್ತೆ ಆಮ್‌ಚೆಕ್ ಓಡಿಸಿ.

ಪ್ರಶ್ನೆ ಕೇಳಿದವರು:
ರೆಪ್ಲಿಕಾ (ಇದರ ನಕಲು ಸರ್ವರ್) ಇನ್ನೂ 18.04ರಲ್ಲಿದೆ. ವರದಿಗಳು ಅಲ್ಲಿಂದಲೇ.

ಉತ್ತರ 3:
ಇಂಡೆಕ್ಸ್ ಅಲ್ಲಿಗೆ ಹಾಗೇ ನಕಲಾಗುತ್ತೆ, ಹುಡುಕೋದು ಮಾತ್ರ ಹಳೇ ಕ್ರಮದಲ್ಲಿ. ಹಾಗಾದರೆ ಏರಿಸಿದ ಮೇಲೆ ಸೇರಿದ ಸಾಲುಗಳಲ್ಲಿ ಅಲ್ಲಿ ಈಗಲೇ ತಪ್ಪು ಇರಬಹುದು, ರೀಇಂಡೆಕ್ಸ್ ಆದ ಮೇಲೆ ಇನ್ನೂ ಹೆಚ್ಚು. ಅದನ್ನೂ 20.04ಕ್ಕೆ ತರೋವರೆಗೆ ವರದಿ ಪ್ರೈಮರಿಯಿಂದ (ಮುಖ್ಯ ಸರ್ವರ್‌ನಿಂದ) ತೆಗೆಯಿರಿ.