ಎಲೆ ಮೋಸ, ಆರೋಪ, ಶಿಕ್ಷೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಮುಂಬಯಿ, ಪುಣೆ, ಗೋವಾ ಕನ್ನಡ ಇಸ್ಪೀಟು ಬಳಗದಲ್ಲಿ ಇವತ್ತು ಸಂಜೆ 4ರಿಂದ ಮಾಟುಂಗದ ಡೈರೆಕ್ಟರ್ ಸರ್ ಇರುತ್ತಾರೆ. ಬ್ರಿಡ್ಜ್ ಪಂದ್ಯ ನಡೆಸುವುದೇ ಅವರ ಕಸುಬು. ಹೋದ ತಿಂಗಳಿಂದ ಎಲ್ಲರ ಬಾಯಲ್ಲೂ ಮೋಸದ ಮಾತೇ, ಹಾಗಾಗಿ ವಿಷಯ ಅದೇ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ವಾಶಿ ಶೆಟ್ರು: ನಮಸ್ಕಾರ ಸರ್. ನಮ್ಮ ರಮ್ಮಿ ಪಂದ್ಯದಲ್ಲಿ ಒಬ್ಬ ತಪ್ಪು ಶೋ ಮಾಡಿದ, ಗೆದ್ದೆ ಅಂತ ಎಲೆ ಬಿಚ್ಚಿ ತೋರಿಸಿದ. ಸಾಲಾಗಿ ಕೂಡುವ ಸೀಕ್ವೆನ್ಸೇ ಇರ್ಲಿಲ್ಲ ಮಾರಾಯ್ರೆ. ಬೇಕಂತಲೇ ಮಾಡಿದ್ದು ಅಂತ ಎದುರಿನವರ ಗಲಾಟೆ. ಹೊರಗೆ ಹಾಕಬಹುದಾ?

ಡೈರೆಕ್ಟರ್: ನಮಸ್ಕಾರ ಶೆಟ್ರೇ. ಬೇಡ. ಅವನ ಲೆಕ್ಕಕ್ಕೆ 80 ಪಾಯಿಂಟು ದಂಡ ಬರೆದು ಆಟ ಮುಂದುವರಿಸಿ. ತನ್ನ ತಲೆಗೇ 80 ಬೀಳುವಂತೆ ಮೋಸ ಮಾಡುವವನನ್ನು ನಾನಿನ್ನೂ ನೋಡಿಲ್ಲ.

ಕೋಥರೂಡ್ ಕಾಕಾ: ಸರ, ನಮ್ಮ ಬ್ರಿಡ್ಜ್ ಕ್ಲಬ್ಬಿನ್ಯಾಗ ಒಬ್ರು ಕೈಯಾಗ ಆಟೀನ ಇಟಗೊಂಡು ತುರುಫ ಹೊಡದ್ರು. ಎರಡ ಸುತ್ತ ಆದಮ್ಯಾಲೆ ಅದ ಆಟೀನ ಹೊರಗ ಬಂತು. ಇದಕ್ಕ ಮೋಸ ಅನ್ನೂದಿಲ್ಲೇನ್ರಿ?

ಡೈರೆಕ್ಟರ್: ಇದಕ್ಕೆ ರಿವೋಕ್ ಅನ್ನುತ್ತೇವೆ ಕಾಕಾ, ಅಂದರೆ ಇಳಿದ ಜಾತಿಯ ಎಲೆ ಕೈಯಲ್ಲಿದ್ದೂ ಬೇರೆ ಎಲೆ ಹಾಕುವುದು. ಆ ತುರುಫಿನಿಂದ ಅವರೇ ಆ ಸುತ್ತು, ಅಂದರೆ ಟ್ರಿಕ್, ಗೆದ್ದಿದ್ದರೆ ಆ ಟ್ರಿಕ್ ಎದುರಿನವರಿಗೆ. ಆಮೇಲೆ ಅವರ ಕಡೆ ಇನ್ನೂ ಗೆದ್ದಿದ್ದರೆ ಅದರಲ್ಲೂ ಒಂದು. ಅಷ್ಟರಲ್ಲೂ ನಷ್ಟ ತುಂಬದಿದ್ದರೆ ಡೈರೆಕ್ಟರು ಸ್ಕೋರು ಸರಿಪಡಿಸುತ್ತಾರೆ. ಬೇಕೆಂದೇ ಮಾಡಿದ್ದು ಎಂದು ಸಾಬೀತಾದರೆ ಅದು ಬೇರೆಯೇ ಅಪರಾಧ. ಆದರೆ ಕನ್ನಡಕ ಮನೆಯಲ್ಲಿ ಮರೆತು ಬಂದವರಿಗೆ ಆಟೀನು ಡೈಮನ್ ಒಂದೇ ಥರ ಕಾಣುತ್ತದೆ. ಅದನ್ನು ಮೊದಲು ಕೇಳಿ.

ಮುಲುಂಡ್ ವಿಜಯಕ್ಕ: ಸರ್, ಸ್ವಲ್ಪ ಉದ್ದ ಉಂಟು, ಕ್ಷಮಿಸಿ. ನಮ್ಮ ಸಂಘದ ವಾರ್ಷಿಕ ಪೇರ್ಸ್ (ಜೋಡಿ) ಬ್ರಿಡ್ಜ್, 24 ಬೋರ್ಡ್, ಅಂದರೆ 24 ಹಂಚಿಕೆಯ ಆಟ. ಗೆದ್ದವರು 76 ವರ್ಷದ ಒಬ್ಬ ನಿವೃತ್ತರು ಮತ್ತು ಅವರ ಭಾವ. ಆ ಹಿರಿಯರು ಪಾಸ್ ಕಾರ್ಡು (ಈ ಸರದಿಗೆ ನಾನು ಕೂಗುವುದಿಲ್ಲ ಅಂತ ತೋರಿಸುವ ಕಾರ್ಡು) ಇಡುವಾಗ ಕೆಲವು ಸಲ ಮೇಜಿಗೆ ಎರಡು ಬಾರಿ ತಟ್ಟುತ್ತಾರೆ. ತಟ್ಟಿದಾಗೆಲ್ಲ ಕೈಯಲ್ಲಿ ಎಕ್ಕ ಇತ್ತು ಅಂತ ಒಬ್ಬರು ಕಂಡುಹಿಡಿದರು. 9 ಸೆಕೆಂಡಿನ ವಿಡಿಯೋನೂ ಉಂಟು. ಕಮಿಟಿ ಅವರ ಫಲಿತಾಂಶ ರದ್ದು ಮಾಡಿ ಎರಡನೆಯವರಿಗೆ ಕಪ್ ಕೊಟ್ಟಿತು. ಇಬ್ಬರಿಗೂ ಆಜೀವ ನಿಷೇಧ ಅಂತ ಹೆಸರು ಸಮೇತ ನೋಟಿಸ್ ಬೋರ್ಡಿಗೆ ಹಾಕಿದ್ದೇವೆ. ಈಗ ಅವರು ಬೆಳಗಿನ ವಾಕಿಂಗಿಗೂ ಕೆಳಗೆ ಬರುವುದಿಲ್ಲ. ನಾವು ಮಾಡಿದ್ದು ಸರಿಯಾ?

ಡೊಂಬಿವಲಿ ರಾಯರು: *ಫಾರ್ವರ್ಡ್ ಮಾಡಲಾಗಿದೆ* ಇಸ್ಪೀಟು ಕಳ್ಳನನ್ನು ಹಿಡಿಯುವ 7 ಗುರುತುಗಳು!! ಪದೇ ಪದೇ ಮೂಗು ಮುಟ್ಟುವವನು, ನೀರು ಕುಡಿಯುವವನು, ಎಲೆ ಎತ್ತಿ ನೋಡಿ ಛಾವಣಿ ನೋಡುವವನು… ಒಪ್ಪದಿದ್ದರೆ ದೇವರ ಫೋಟೋ ಮುಂದೆ ದೀಪ ಹಚ್ಚಿ ಆಣೆ ಮಾಡಿಸಿ. 10 ಜನರಿಗೆ ಕಳಿಸಿ.

ಡೈರೆಕ್ಟರ್: ರಾಯರೇ, ಅಡ್ಮಿನ್ ಹೇಳಿ ಅರ್ಧ ಗಂಟೆ ಆಗಿಲ್ಲ. ನನಗೆ ಧೂಳಿನ ಅಲರ್ಜಿ, ಪಂದ್ಯ ಮುಗಿಯುವುದರೊಳಗೆ ನಲವತ್ತು ಸಲ ಮೂಗು ಮುಟ್ಟುತ್ತೇನೆ. ಮುಂಬಯಿಯ ಮೇ ತಿಂಗಳಲ್ಲಿ ನೀರು ಕುಡಿಯದವನ ಮೇಲೆ ಅನುಮಾನ ಬರಬೇಕು. ಇನ್ನು ಆಣೆ. ಹಾಕದಿದ್ದರೆ ಕಳ್ಳ ಅನ್ನುತ್ತೀರಿ, ಹಾಕಿದರೆ ಸುಳ್ಳ ಅನ್ನುತ್ತೀರಿ. ಆ ಮನುಷ್ಯ ಎಲ್ಲಿಗೆ ಹೋಗಬೇಕು? ಅಳಿಸಿ.

ವಿಜಯಕ್ಕ, ನಿಮ್ಮದನ್ನು ಓದಿ ಹೊಟ್ಟೆ ತೊಳಸಿದ ಹಾಗಾಯಿತು. ಉದ್ದಕ್ಕೇ ಬರೆಯುತ್ತೇನೆ.

ಮೊದಲು ಆ ಮೇಜಿನಲ್ಲಿ ಆಗಬೇಕಿದ್ದದ್ದು. ಬ್ರಿಡ್ಜ್‌ನಲ್ಲಿ ಬಿಡ್ (ಕೂಗು) ಆಗಲಿ ಎಲೆಯಾಗಲಿ, ಒತ್ತು, ಹಾವಭಾವ, ವಿನಾಕಾರಣ ತಡ ಇಲ್ಲದೆ ಇಡಬೇಕು ಎಂದು 73ನೇ ನಿಯಮ. ತಟ್ಟುವುದು ತಪ್ಪೇ. ಯಾರಾದರೂ ಅಲ್ಲೇ ಡೈರೆಕ್ಟರನ್ನು ಕರೆದಿದ್ದರೆ ಅವರು ಬಂದು ‘ಮಾಮ, ಕಾರ್ಡು ಸುಮ್ಮನೆ ಇಡಿ’ ಅಂದು ಹೋಗುತ್ತಿದ್ದರು. ತಟ್ಟಿದ್ದನ್ನು ನೋಡಿ ಜೊತೆಗಾರ ಲಾಭ ಮಾಡಿಕೊಂಡ ಅನಿಸಿದರೆ ಆ ಒಂದು ಬೋರ್ಡಿನ ಸ್ಕೋರು ತಿದ್ದಬಹುದು, ಅದು 16ನೇ ನಿಯಮ. ಇದ್ಯಾವುದಕ್ಕೂ ‘ಮೋಸ’ ಎಂಬ ಶಬ್ದ ಬೇಕಿಲ್ಲ. ಮೊದಲೇ ಮಾತಾಡಿಕೊಂಡು ಗುಟ್ಟಿನ ಸನ್ನೆ ಇಟ್ಟುಕೊಳ್ಳುವುದು ಬೇರೆ. ನಿಯಮದ ಪುಸ್ತಕ ಅದನ್ನು ಎಲ್ಲಕ್ಕಿಂತ ಘೋರ ಅಪರಾಧ ಅನ್ನುತ್ತದೆ. ಘೋರವಾದದ್ದಕ್ಕೆ ಪುರಾವೆಯೂ ಅಷ್ಟೇ ಗಟ್ಟಿ ಇರಬೇಕಲ್ಲ.

ಎಷ್ಟು ಗಟ್ಟಿ? 1965ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ಬರ್ಮುಡಾ ಬೌಲ್ ಎಂಬ ಬ್ರಿಡ್ಜ್ ವಿಶ್ವ ಸ್ಪರ್ಧೆಯಲ್ಲಿ ಬ್ರಿಟನ್ನಿನ ರೀಸ್ ಮತ್ತು ಶಪೀರೊ ಎಲೆ ಹಿಡಿದ ಬೆರಳಿನ ಲೆಕ್ಕದಲ್ಲಿ ಆಟೀನು ಎಷ್ಟಿದೆ ಅಂತ ಹೇಳಿಕೊಳ್ಳುತ್ತಾರೆ ಎಂಬ ಆರೋಪ ಬಂತು. ವಿಶ್ವ ಬ್ರಿಡ್ಜ್ ಸಂಸ್ಥೆ ತಪ್ಪಿತಸ್ಥರು ಅಂದಿತು. ಅವರ ದೇಶದಲ್ಲಿ ನಡೆದ ವಿಚಾರಣೆ ತಪ್ಪು ಸಾಬೀತಾಗಿಲ್ಲ ಎಂದು ಅವರನ್ನು ಬಿಟ್ಟಿತು. 2015ರಲ್ಲಿ ಫಾಂತೊನಿ ಮತ್ತು ನೂನೆಸ್ ಜೋಡಿ: ಎಲೆಯನ್ನು ಉದ್ದಕ್ಕೆ ಇಟ್ಟರೆ ಒಂದು ಅರ್ಥ, ಅಡ್ಡಕ್ಕೆ ಇಟ್ಟರೆ ಇನ್ನೊಂದು ಅಂತ ಆರೋಪ. ಯುರೋಪಿನ ಸಂಸ್ಥೆ ನಿಷೇಧ ಹಾಕಿತು. 2018ರಲ್ಲಿ ಲೂಸಾನ್‌ನ ಕ್ರೀಡಾ ನ್ಯಾಯಮಂಡಳಿ ಪುರಾವೆ ಸಾಲದು ಎಂದು ಆ ನಿಷೇಧ ತೆಗೆಯಿತು. ಆ ಪ್ರಕರಣದಲ್ಲಿ ವಿಡಿಯೋ ಇತ್ತು, ತಜ್ಞರಿದ್ದರು, ವಕೀಲರಿದ್ದರು. ನಿಮ್ಮ ಕೈಯಲ್ಲಿರುವುದು 9 ಸೆಕೆಂಡು.

‘ತಟ್ಟಿದಾಗೆಲ್ಲ ಎಕ್ಕ ಇತ್ತು’ ಅಂದಿರಿ. ಎಷ್ಟು ಬೋರ್ಡಿನಲ್ಲಿ ನೋಡಿದ್ದು? ತಟ್ಟದೇ ಇದ್ದಾಗ ಏನಿತ್ತು ಅಂತ ಯಾರಾದರೂ ನೋಡಿದಿರಾ?

ಮುಲುಂಡ್ ವಿಜಯಕ್ಕ: 6 ಬೋರ್ಡ್ ಸರ್. ಆರಕ್ಕೆ ಆರೂ ಎಕ್ಕ.

ಐರೋಲಿ ಹುಡುಗ: ಸರ್, ರಮ್ಮಿಯಲ್ಲಿ ತಪ್ಪು ಶೋ ಮಾಡಿದರೆ ಅದು ಚೀಟಿಂಗಾ?

ಡೈರೆಕ್ಟರ್: ಮೇಲೆ ನೋಡಿ. ವಿಜಯಕ್ಕ, ಉಳಿದ ಬೋರ್ಡುಗಳು? ಹಾಲ್‌ನಲ್ಲಿ ಸಿಸಿಟಿವಿ ಇದೆಯಾ? ಎಲೆ ಹಂಚಿಕೆಯ ಪಟ್ಟಿ ಇಟ್ಟಿದ್ದೀರಾ?

ಮುಲುಂಡ್ ವಿಜಯಕ್ಕ: ಎರಡೂ ಉಂಟು. ನೋಡಿ ಹೇಳ್ತೇನೆ. ಒಂದು ಗಂಟೆ ಬೇಕು.

ಮಡಗಾಂವ್ ಪೈ ಮಾಮ್: ನಮಸ್ಕಾರ. ಇಪ್ಪತ್ತೆಂಟು ಆಟದ ಟೂರ್ನಮೆಂಟಿನಲ್ಲಿ ಕಣ್ಣು ಹೊಡೆದು ಗುಲಾಮ ಇದೆ ಅಂತ ತಿಳಿಸುವವರಿಗೆ ಏನು ಶಿಕ್ಷೆ ಇಡಬೇಕು? ನಾವು ಮೊದಲ ಸಲ ನಡೆಸುತ್ತಿದ್ದೇವೆ. ಹಾಗೆಯೇ ಪ್ಲಾಸ್ಟಿಕ್ ಎಲೆ ಸಗಟಿನಲ್ಲಿ ಎಲ್ಲಿ ಒಳ್ಳೇದು ಸಿಗುತ್ತದೆ?

ವಾಶಿ ಶೆಟ್ರು: ಪೈಗಳೇ, ಕಣ್ಣು ಹೊಡೆಯದೆ ಇಪ್ಪತ್ತೆಂಟು ಆಡಿದವರು ನಮ್ಮ ಊರಲ್ಲಿ ಯಾರುಂಟು? ಅದು ಆಟದ ಮಜಾ ಅಲ್ವಾ.

ಮಡಗಾಂವ್ ಪೈ ಮಾಮ್: ಊರ ಜಗಲಿಯಲ್ಲಿ ಮಜಾ. ಇಲ್ಲಿ 20,000 ರೂಪಾಯಿ ಬಹುಮಾನ ಇದೆ. ಗುಲಾಮ ಒಂದಕ್ಕೇ 3 ಪಾಯಿಂಟು, ಒಟ್ಟು ಇರುವುದು 28. ಎರಡು ಗುಲಾಮ ಎಲ್ಲಿದೆ ಅಂತ ಮೊದಲೇ ಗೊತ್ತಾದರೆ ಆಟ ಏನುಳಿಯಿತು?

ವಾಶಿ ಶೆಟ್ರು: ಮಾಂಡೋವಿಯಲ್ಲಿ ಕ್ಯಾಸಿನೊ ತೇಲಿಸಿದ ಊರಿನವರು ನಮಗೆ ನೀತಿ ಹೇಳುವುದಾ?

ಮಡಗಾಂವ್ ಪೈ ಮಾಮ್: ನಾನು ಮಡಗಾಂವಿನವ. ಆ ಹಡಗಿಗೆ ಕಾಲಿಟ್ಟವನಲ್ಲ. ಹೋದ ವರ್ಷ ಅಲ್ಲಿ ಸೆಲ್ಫಿ ತೆಗೆದು ಇದೇ ಗುಂಪಿಗೆ ಹಾಕಿದ್ದು ಯಾರು ಅಂತ ಹೇಳಲಾ?

ಅಡ್ಮಿನ್: ಇಬ್ಬರೂ ದಯವಿಟ್ಟು.

ಡೈರೆಕ್ಟರ್: ಪೈ ಮಾಮ್, ಶಿಕ್ಷೆ ಏನು ಅಂತ ಪಂದ್ಯಕ್ಕೆ ಮೊದಲೇ ಬರೆದು ಗೋಡೆಗೆ ಹಚ್ಚಿ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಆ ಆಟ ಎದುರಿನವರಿಗೆ, ಮೂರನೇ ಸಲ ಆ ಸುತ್ತಿನಿಂದ ಹೊರಗೆ. ನಡುವೆ ನಿಯಮ ಹುಟ್ಟಿಸಬೇಡಿ. ಜಗಲಿಯಲ್ಲಿ ಕಣ್ಣು ಹೊಡೆಯುವುದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ನಾಲ್ಕೂ ಜನ ಹೊಡೆಯುತ್ತಾರೆ.

ಕೋಥರೂಡ್ ಕಾಕಾ: ಮೇಜಿನ ಕೆಳಗ ಕಾಲ ತುಳಿಯೂದಕ್ಕ ಏನ ಮಾಡೂದ್ರಿ?

ಡೈರೆಕ್ಟರ್: ನೀವು ಒಂದು ಪ್ರಶ್ನೆ ಕೇಳಿ ಆಗಿದೆ, ಇರಲಿ. 1975ರ ವಿಶ್ವ ಸ್ಪರ್ಧೆಯಲ್ಲಿ ಮೇಜಿನ ಮೇಲೆ ಅಡ್ಡಪರದೆ ಇತ್ತು, ಕೆಳಗೆ ಇರಲಿಲ್ಲ. ಇಟಲಿಯ ಇಬ್ಬರ ಮೇಲೆ ಕಾಲು ತಟ್ಟುವ ಆರೋಪ ಬಂತು. ಆಮೇಲೆ ಕೆಳಗೂ ತಡೆ ಹಾಕಿದರು. ನಿಮಗೆ ಒಂದು ಪ್ಲೈವುಡ್ ತುಂಡು ಸಾಕು.

ಪಿಂಪ್ರಿ ಸಂತೋಷ: ಸರ್, ಆ್ಯಪ್‌ನಲ್ಲಿ ರಮ್ಮಿ ಆಡಿ 40,000 ಹೋಯ್ತು. ಎದುರಿಗೆ ಇದ್ದದ್ದು ಮನುಷ್ಯರೇ ಅಲ್ಲ, ಮಷೀನು. ವಾಪಸ್ ಬರುತ್ತಾ?

ಡೈರೆಕ್ಟರ್: 2025ರ ಕಾಯ್ದೆಯಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಕ್ಕೇ ನಿಷೇಧ. ನಾನು ವಕೀಲನಲ್ಲ. ವಂಚನೆ ಆಗಿದ್ದರೆ 1930ಕ್ಕೆ ಫೋನ್ ಮಾಡಿ.

ಡೊಂಬಿವಲಿ ರಾಯರು: *ಫಾರ್ವರ್ಡ್ ಮಾಡಲಾಗಿದೆ* ಸುಳ್ಳು ಹೇಳುವವರ ದನಿ ಪತ್ತೆ ಮಾಡುವ ಮೊಬೈಲ್ ಆ್ಯಪ್! ಪೂರ್ತಿ ಉಚಿತ! ಆರೋಪಿಯ ಮುಂದೆ ಹಿಡಿದರೆ ಸಾಕು…

ಡೈರೆಕ್ಟರ್: ರಾಯರೇ, ಇಂಥ ಆ್ಯಪನ್ನು ನಂಬಿ ಯಾರದಾದರೂ ಮರ್ಯಾದೆ ತೆಗೆದರೆ ಕೋರ್ಟಿನಲ್ಲಿ ನಿಲ್ಲುವವರು ಸಂಘದವರು, ಆ್ಯಪ್ ಮಾಡಿದವನಲ್ಲ. ಆ ಲಿಂಕನ್ನು ಯಾರೂ ಒತ್ತಬೇಡಿ.

ಡೊಂಬಿವಲಿ ರಾಯರು: ನಾಲ್ಕು ಜನಕ್ಕೆ ಉಪಯೋಗ ಆಗಲಿ ಅಂತ ಹಾಕಿದ್ದು. ದೊಡ್ಡವರಿಗೆ ಹೀಗೆ ಮಾತಾಡಬಾರದು.

ವಾಶಿ ಶೆಟ್ರು: ರಾಯರು ಓದದೆ ಫಾರ್ವರ್ಡ್ ಮಾಡುವುದು ಇವತ್ತು ನಿನ್ನೆಯದ್ದಲ್ಲ. ಹೋದ ವಾರ ಇವರೇ ಕಳಿಸಿದ ಕಷಾಯ ಕುಡಿದು ನನ್ನ ಹೊಟ್ಟೆ ಕೆಟ್ಟದ್ದು.

ಮುಲುಂಡ್ ವಿಜಯಕ್ಕ: ಸರ್, ನೋಡಿದೆ. ಅವರು ಪಾಸ್ ಕಾರ್ಡು ಇಟ್ಟದ್ದು 21 ಬೋರ್ಡಿನಲ್ಲಿ. ತಟ್ಟಿದ್ದು 11ರಲ್ಲಿ. ಆ 11ರಲ್ಲಿ ಎಕ್ಕ ಇದ್ದದ್ದು 6ರಲ್ಲಿ. ತಟ್ಟದ 10ರಲ್ಲಿ ಎಕ್ಕ ಇದ್ದದ್ದು 7ರಲ್ಲಿ.

ಡೈರೆಕ್ಟರ್: ಈಗ ನಿಮ್ಮದೇ ಲೆಕ್ಕ ತಿರುಗಿಸಿ ಓದಿ. ಎಕ್ಕ ಇದ್ದ 13 ಕೈಗಳಲ್ಲಿ 6 ಸಲ ತಟ್ಟಿದ್ದಾರೆ. ಎಕ್ಕ ಇಲ್ಲದ 8ರಲ್ಲಿ 5 ಸಲ. ಇಲ್ಲದಾಗಲೇ ಹೆಚ್ಚು. ಇದನ್ನು ಸನ್ನೆ ಅಂತ ನಂಬಿ ಆಡಿದ ಭಾವ ಮುಳುಗಿಹೋಗುತ್ತಿದ್ದರು.

ಆರಕ್ಕೆ ಆರು ಹೇಗೆ ಬಂತು ಅಂದರೆ, 13 ಎಲೆ ಹಂಚಿದಾಗ ಕೈಗೆ ಒಂದಾದರೂ ಎಕ್ಕ ಬರುವ ಸಂಭವ ಸುಮಾರು ನೂರಕ್ಕೆ 70. ಬೇಗನೇ ಪಾಸ್ ಅನ್ನುವ ಕೈಯಲ್ಲಿ ಅದಕ್ಕಿಂತ ತುಸು ಕಡಿಮೆ. ಅಂದರೆ ಅವರು ತಟ್ಟಲಿ, ಕೆಮ್ಮಲಿ, ಚಹಾ ಹೀರಲಿ, ಹೆಚ್ಚಿನ ಸಲ ಎಕ್ಕ ಇದ್ದೇ ಇರುತ್ತದೆ. ನೋಡಿದವರು ಎಕ್ಕ ಇದ್ದದ್ದನ್ನು ಬರೆದುಕೊಂಡರು, ಇಲ್ಲದ್ದನ್ನು ಬಿಟ್ಟರು. ಬೇಕೆಂದೇ ಬಿಟ್ಟರು ಅನ್ನುವುದಿಲ್ಲ.

ಹಾಗಂತ ಅವರು ಗಂಗಾಜಲ ಅಂತ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ತಟ್ಟುವುದಕ್ಕೆ ಬೇರೆ ಅರ್ಥ ಇರಬಹುದು ಅಂತ ಯಾರಾದರೂ ಹೇಳಬಹುದು. ಹೇಳಲಿ. ಆದರೆ ಅರ್ಥ ಏನು ಅಂತ ಮೊದಲು ಕಾಗದದಲ್ಲಿ ಬರೆದು, ಕೈ ನೋಡದವರ ಹತ್ತಿರ ತಟ್ಟಿದ್ದನ್ನು ಎಣಿಸಿ, ಹೊಸ ಬೋರ್ಡುಗಳ ಮೇಲೆ ತಾಳೆ ನೋಡಬೇಕು. ಇದೇ 21ರಲ್ಲಿ ಕೆದಕಿದರೆ ರಾಣಿಯೋ ರಾಜನೋ ಏನೋ ಒಂದು ಕೂಡಿಬಂದೇ ಬರುತ್ತದೆ.

ಇನ್ನೊಂದು. ನಿಯಮದ ಪ್ರಕಾರ ಡೈರೆಕ್ಟರಿಗೆ ಇರುವ ಅಧಿಕಾರ ಪಾಯಿಂಟು ಕಡಿಯುವುದು, ಆ ಸೆಷನ್ನಿನಿಂದ ಹೊರಗಿಡುವುದು, ಸಂಘಟಕರ ಒಪ್ಪಿಗೆಯಿದ್ದರೆ ಪಂದ್ಯದಿಂದ ತೆಗೆಯುವುದು. ಆಜೀವ ನಿಷೇಧ ಮೇಜಿನ ಪಕ್ಕದಲ್ಲಿ ನಿಂತು ಹಾಕುವಂಥದ್ದಲ್ಲ. ಅವರ ಮಾತು ಕೇಳಿದಿರಾ? ಮೇಲ್ಮನವಿಗೆ ಅವಕಾಶ ಕೊಟ್ಟಿರಾ? ಬೇರೆ ಹೇಳದಿದ್ದರೆ ಸ್ಕೋರು ಹಾಕಿದ ಮೇಲೆ 30 ನಿಮಿಷ ಇರುತ್ತದೆ. ಆ ವಿಡಿಯೋ ತೆಗೆದದ್ದು ಯಾರು? ಆಡುತ್ತಿದ್ದವರಾ, ನೋಡುತ್ತಿದ್ದವರಾ?

ಥಾಣೆ ಮಧುರಾ: ಸರ್, ರಮ್ಮಿ ತಪ್ಪು ಶೋ ಬಗ್ಗೆ ಸ್ವಲ್ಪ ವಿವರವಾಗಿ…

ಡೈರೆಕ್ಟರ್: 80.

ಮುಲುಂಡ್ ವಿಜಯಕ್ಕ: ನಾನೇ ತೆಗೆದದ್ದು. ನೋಡಲಿಕ್ಕೆ ಕೂತಿದ್ದೆ. ಎರಡನೇ ಸ್ಥಾನದವರಲ್ಲಿ ಒಬ್ಬರು ನಮ್ಮ ಯಜಮಾನರು.

ವಾಶಿ ಶೆಟ್ರು: ಅಯ್ಯೋ ದೇವರೇ.

ಡೊಂಬಿವಲಿ ರಾಯರು: ನಾನು ಮೊದಲೇ ಅಂದೆ, ಆಣೆ ಮಾಡಿಸಬೇಕಿತ್ತು ಅಂತ.

ಡೈರೆಕ್ಟರ್: ರಾಯರೇ, ಸಾಕು. ವಿಜಯಕ್ಕ, ನೋಡುವವರು ಆಟದ ಯಾವ ವಿಷಯಕ್ಕೂ ಬಾಯಿ ಹಾಕುವಂತಿಲ್ಲ. ಅದೂ ನಿಯಮವೇ. ಹೇಳಿದ್ದಕ್ಕೆ ನಿಮ್ಮ ಮೇಲೆ ಕೋಪವಿಲ್ಲ, ಇಷ್ಟು ಜನರ ಮುಂದೆ ಒಪ್ಪುವುದು ಸುಲಭವಲ್ಲ. ಆ ನೋಟಿಸನ್ನು ಇವತ್ತೇ ತೆಗೆಯಿರಿ.

ಮುಲುಂಡ್ ವಿಜಯಕ್ಕ: ಕಮಿಟಿ ಮೀಟಿಂಗ್ ಇರುವುದು 15ಕ್ಕೆ ಸರ್.

ಡೈರೆಕ್ಟರ್: ಹಾಕುವಾಗ ಮೀಟಿಂಗ್ ಮಾಡಿದ್ದಿರಾ?

ಮಡಗಾಂವ್ ಪೈ ಮಾಮ್: ಪ್ಲಾಸ್ಟಿಕ್ ಎಲೆಯ ಬಗ್ಗೆ ಕೇಳಿದ್ದೆ…

ಅಡ್ಮಿನ್: ಆರೂವರೆ ಆಯಿತು. ಇವತ್ತಿಗೆ ಇಲ್ಲಿಗೆ ನಿಲ್ಲಿಸೋಣ. ಶೆಟ್ರು, ಪೈ ಮಾಮ್, ನಿಮ್ಮಿಬ್ಬರ ಕ್ಯಾಸಿನೊ ಮೆಸೇಜು ಅಳಿಸಿದ್ದೇನೆ.

ಮುಲುಂಡ್ ವಿಜಯಕ್ಕ: ನೋಟಿಸ್ ಬೋರ್ಡಿನ ಬೀಗದ ಕೈ ವಾಚ್‌ಮನ್ ಹತ್ತಿರ ಉಂಟು. ಕೆಳಗೆ ಹೋಗ್ತಿದ್ದೇನೆ.