ನಮ್ಮೂರಲ್ಲಿ ಜಗಳವೇ ಕಾಣಲ್ಲ, ಹಾಗಾದ್ರೆ ಸಂಘರ್ಷ ಸಿದ್ಧಾಂತ ಇಲ್ಲಿಗೆ ಹೊಂದುತ್ತಾ?

ಸಪ್ತಾಪುರದ ಓದುಗಿ:

ಎಲ್ಲರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇನೆ, ಸಮಾಜಶಾಸ್ತ್ರ ನನ್ನ ವಿಷಯ. ಊರು ಗದಗ ಜಿಲ್ಲೆ. ಆಸ್ತಿ ಇದ್ದವರ ಹಿತ ಬೇರೆ, ದುಡಿಯುವವರ ಹಿತ ಬೇರೆ, ಇವರಿಬ್ಬರ ತಿಕ್ಕಾಟದಿಂದಲೇ ಸಮಾಜ ಬದಲಾಗುತ್ತದೆ ಅಂತ ಮಾರ್ಕ್ಸ್ ಹೇಳುತ್ತಾನೆ. ಸಂಘರ್ಷ ಸಿದ್ಧಾಂತದ ಮೂಲ ಇದೇ. ಅಲ್ಲೀವರೆಗೆ ಸರಿ. ಆದರೆ ನಮ್ಮೂರಲ್ಲಿ ನಾನು ನೋಡೋದು ಬೇರೆ. ಹೊಲದವರೂ ಕೂಲಿಗೆ ಬರೋರೂ ಅಕ್ಕ, ಕಾಕಾ ಅಂತಲೇ ಮಾತಾಡುತ್ತಾರೆ, ಜಾತ್ರೆಯಲ್ಲಿ ಒಂದೇ ತೇರು ಎಳೆಯುತ್ತಾರೆ. ಗಂಡಾಳಿಗಿಂತ ಹೆಣ್ಣಾಳಿಗೆ ಕೂಲಿ ಕಡಿಮೆ, ಅದನ್ನೂ ಯಾರೂ ಕೇಳೋದಿಲ್ಲ. ಹಾಗಾದ್ರೆ ಸಂಘರ್ಷ ಎಲ್ಲಿದೆ? ನೋಟ್ಸ್‌ನಲ್ಲಿ ಇರೋದೆಲ್ಲ ಇಂಗ್ಲೆಂಡಿನ ಕಾರ್ಖಾನೆ, ಅಮೆರಿಕದ ಶಾಲೆ. ನಮ್ಮ ಕಡೆಯ ಉದಾಹರಣೆ ಬೇಕು. ಬರೀ ಅಂಕಕ್ಕಲ್ಲ, ನಿಜವಾಗಿ ತಿಳಿಯಬೇಕು.

ಮಲಪ್ರಭೆ ದಂಡೆ:

ತಂಗಿ, ಜಗಳ ಇಲ್ಲ ಅಂದ ಮಾತ್ರಕ್ಕೆ ಇಬ್ಬರ ಹಿತ ಒಂದೇ ಅಂತ ಆಗೋದಿಲ್ಲ. ರಾಲ್ಫ್ ಡಾರೆನ್‌ಡಾರ್ಫ್ ಓದಿ. ಜರ್ಮನಿಯ ಸಮಾಜಶಾಸ್ತ್ರಜ್ಞ, 1950ರ ದಶಕದ ಕೊನೆಯಲ್ಲಿ ಬರೆದವನು. ಆಸ್ತಿ ಯಾರದು ಅನ್ನೋದಕ್ಕಿಂತ ಅಧಿಕಾರ ಯಾರದು ನೋಡಿ ಅಂತಾನೆ. ಅಪ್ಪಣೆ ಕೊಡುವವರಿಗೆ ಇದ್ದದ್ದು ಹಾಗೇ ಇರಬೇಕು, ಪಾಲಿಸುವವರಿಗೆ ಬದಲಾಗಬೇಕು. ಈ ಹಿತ ಬಹಳ ಕಾಲ ಒಳಗೇ ಇರುತ್ತದೆ, ಎಷ್ಟೋ ಸಲ ಅವರಿಗೇ ಗೊತ್ತಿರೋದಿಲ್ಲ. ಹೊರಗೆ ಬರಬೇಕಾದರೆ ಮುಂದಾಳು ಬೇಕು, ಎಲ್ಲರೂ ಒಪ್ಪುವ ಒಂದು ಮಾತು ಬೇಕು, ಸಂಘ ಕಟ್ಟುವ ಅವಕಾಶ ಬೇಕು, ಒಬ್ಬರಿಗೊಬ್ಬರು ಸಿಗುವಂತಿರಬೇಕು.

ಇದಕ್ಕೆ ನರಗುಂದ, ನವಲಗುಂದಕ್ಕಿಂತ ಒಳ್ಳೆ ಉದಾಹರಣೆ ನನಗಂತೂ ಗೊತ್ತಿಲ್ಲ. ನವಿಲುತೀರ್ಥದಲ್ಲಿ ಅಣೆಕಟ್ಟು ಆಯಿತು, ಮಲಪ್ರಭೆ ಕಾಲುವೆ ಬಂತು. ನಿಮ್ಮ ಜಮೀನಿನ ಬೆಲೆ ಏರಿದೆ, ಬೆಟರ್‌ಮೆಂಟ್ ಲೆವಿ ಕಟ್ಟಿ ಅಂತ ಸರ್ಕಾರ ಕೂತಿತು. ನೀರು ಸರಿಯಾಗಿ ಮುಟ್ಟಿಲ್ಲ, ಬೆಳೆಗೆ ದರ ಇಲ್ಲ, ಕರ ಎಲ್ಲಿಂದ ಕಟ್ಟೋದು ಅಂತ ರೈತರು. 1980ರ ಜುಲೈ 21ರಂದು ಎರಡೂ ಊರಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಆಮೇಲೆ ಚಳವಳಿ ಇಡೀ ರಾಜ್ಯಕ್ಕೆ ಹಬ್ಬಿತು. ಅದಕ್ಕೂ ಮೊದಲು ಅದೇ ರೈತ ಕಚೇರಿಯಲ್ಲಿ ಸಾಹೇಬರ ಮುಂದೆ ಕೈಮುಗಿದು ನಿಲ್ಲುತ್ತಿದ್ದನಲ್ಲ, ಆಗ ನೋಡಿದವರು ಇಲ್ಲಿ ಸಂಘರ್ಷ ಇಲ್ಲ ಅಂತಲೇ ಬರೆದುಕೊಳ್ಳುತ್ತಿದ್ದರು.

ದುರ್ಗದಬೈಲ್ ಅಂಗಡಿ:

ನನಗೆ ಈ ಸಿದ್ಧಾಂತ ಒಪ್ಪಿಗೆಯಿಲ್ಲ, ನೇರವಾಗಿ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟಿದ್ದೇನೆ. ನನ್ನ ಹತ್ತಿರ ಕೆಲಸಕ್ಕಿರುವ ಹುಡುಗರ ಮನೆ ನಡೆದರೇ ನನ್ನ ಅಂಗಡಿ ನಡೆಯೋದು, ನನ್ನ ಅಂಗಡಿ ನಡೆದರೇ ಅವರ ಮನೆ. ಇದರಲ್ಲಿ ಶತ್ರು ಯಾರು? ಓದಿದವರಿಗೆ, ಬಂಡವಾಳ ಹಾಕಿ ಅಪಾಯ ತಗೊಂಡವರಿಗೆ ಜಾಸ್ತಿ ಸಿಗಬೇಕು. ಇಲ್ಲಾಂದ್ರೆ ಯಾರು ಕಷ್ಟಪಡುತ್ತಾರೆ?

ಸಪ್ತಾಪುರದ ಓದುಗಿ:

ಸರ್, ನೀವು ಹೇಳಿದ್ದು ಸುಮ್ನೆ ತಳ್ಳಿಹಾಕೋ ಮಾತಲ್ಲ. ಡೇವಿಸ್ ಮತ್ತು ಮೂರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞರು 1945ರಲ್ಲಿ ಇದನ್ನೇ ವಾದಿಸಿದ್ದು, ಮುಖ್ಯ ಕೆಲಸಕ್ಕೆ ಯೋಗ್ಯರು ಬರಬೇಕಾದರೆ ಹೆಚ್ಚು ಪ್ರತಿಫಲ ಇರಲೇಬೇಕು ಅಂತ. ಇದಕ್ಕೆ ಉತ್ತರ ಏನು, ಗೊತ್ತಿದ್ದವರು ಹೇಳಿ.

ಬೆಟಗೇರಿ ಮಾಸ್ತರ:

ಉತ್ತರವನ್ನು 1953ರಲ್ಲಿ ಟ್ಯೂಮಿನ್ ಅನ್ನೋ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಕೊಟ್ಟ. ಯಾವ ಕೆಲಸ ಮುಖ್ಯ ಅಂತ ನಿರ್ಧರಿಸೋರು ಯಾರು? ಗಟಾರ ಬಳಿಯೋ ಪೌರಕಾರ್ಮಿಕರು ಒಂದು ವಾರ ಬರದಿದ್ದರೆ ಹುಬ್ಬಳ್ಳಿ ಪೇಟೆಯಲ್ಲಿ ಕಾಲಿಡೋಕೆ ಆಗುತ್ತಾ? ಇನ್ನೊಂದು, ಮೇಲಿದ್ದವರ ಮಕ್ಕಳಿಗೆ ಓದೋ ದಾರಿ ಮೊದಲೇ ತೆರೆದಿರುತ್ತದೆ, ಕೆಳಗಿದ್ದವರ ಮಕ್ಕಳ ಬುದ್ಧಿ ಎಷ್ಟಿತ್ತು ಅಂತ ತಿಳಿಯೋ ಅವಕಾಶವೇ ಬರೋದಿಲ್ಲ. ಸಪ್ತಾಪುರದ ಕೋಚಿಂಗ್ ಫೀ, ರೂಮ್ ಬಾಡಿಗೆ, ಮೆಸ್ ಬಿಲ್ ವರ್ಷಗಟ್ಟಲೆ ಕಟ್ಟಬಲ್ಲ ಮನೆ ಎಷ್ಟಿವೆ? ಕಟ್ಟಲಾಗದೆ ಊರಿಗೆ ವಾಪಸ್ ಹೋದ ಹುಡುಗನನ್ನು ದಡ್ಡ ಅಂತೀವಲ್ಲ, ನನಗೆ ಹೊಟ್ಟೆ ಉರಿಯೋದು ಅಲ್ಲಿ.

ಅಂಗಡಿಯವರಿಗೆ ಇನ್ನೊಂದು ಮಾತು. ನೀವು ಕೆಟ್ಟವರು ಅಂತ ಯಾರೂ ಹೇಳುತ್ತಿಲ್ಲ. ಮನುಷ್ಯ ಒಳ್ಳೆಯವನಾದರೂ ನಿಯಮ ಒಂದು ಕಡೆ ವಾಲಿರುತ್ತದೆ. ನಮ್ಮ ಕಡೆ ಲಾವಣಿ ನೋಡಿ, ಅಂದರೆ ಇನ್ನೊಬ್ಬರ ಹೊಲ ಗುತ್ತಿಗೆ ಹಿಡಿದು ಮಾಡೋದು. 1974ರ ಭೂ ಸುಧಾರಣೆಯಿಂದ ಎಷ್ಟೋ ಗೇಣಿದಾರರು ಒಡೆಯರಾದರು, ಅದು ದೊಡ್ಡ ಕೆಲಸವೇ. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ ಆ ದಾರಿಯಲ್ಲಿ ಹೊಲ ಬರಲಿಲ್ಲ. ಇವತ್ತು ಅಂಥವರಲ್ಲಿ ಕೆಲವರು ಬಾಯಿಮಾತಿನ ಮೇಲೆ ಹೊಲ ಲಾವಣಿ ಹಿಡಿಯುತ್ತಾರೆ. ಬೀಜ, ಗೊಬ್ಬರ, ಸಾಲ ಎಲ್ಲಾ ಇವರದು. ಮಳೆ ಕೈಕೊಟ್ಟರೆ ಪರಿಹಾರದ ದುಡ್ಡು ಮಾತ್ರ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರ ಖಾತೆಗೆ. ಹೊಲದವರು ಮೋಸ ಮಾಡಲಿಲ್ಲ, ಕಚೇರಿಯವರು ಲಂಚ ತಿನ್ನಲಿಲ್ಲ, ಆದರೂ ನಷ್ಟ ಇವನಿಗೇ. ಕೇಳಿದರೆ ಮುಂದಿನ ವರ್ಷ ಹೊಲ ಸಿಗೋದಿಲ್ಲ, ಅದಕ್ಕೇ ಕೇಳೋದಿಲ್ಲ. ಕಾಕಾ ಅಂತಲೇ ಕರೆಯುತ್ತಾನೆ.

ದುರ್ಗದಬೈಲ್ ಅಂಗಡಿ:

ಲಾವಣಿ ಮಾತು ಒಪ್ಪುತ್ತೇನೆ, ನಮ್ಮ ಸಂಬಂಧಿಕರಲ್ಲೇ ನೋಡಿದ್ದೇನೆ. ಆದರೆ ಎಲ್ಲವನ್ನೂ ದುಡ್ಡಿಗೆ ತಂದು ನಿಲ್ಲಿಸೋದು ಸರಿಯಲ್ಲ.

ಸಪ್ತಾಪುರದ ಓದುಗಿ:

ಅದು ನಿಜ ಸರ್. ಇಲ್ಲಿ ರೂಮ್ ಹುಡುಕುವಾಗ ನನ್ನ ಗೆಳತಿ ಮುಂಗಡ ಕೈಯಲ್ಲೇ ಹಿಡಿದು ನಿಂತಿದ್ದಳು, ನನಗಿಂತ ಉಳ್ಳವರ ಮನೆಯ ಹುಡುಗಿ. ನೀವು ಯಾರ ಪೈಕಿ ಅಂತ ಕೇಳಿದರು, ಹೇಳಿದಳು, ರೂಮ್ ಖಾಲಿ ಇಲ್ಲ ಅಂದರು. ದುಡ್ಡು, ಆಸ್ತಿಯ ವರ್ಗ ಬೇರೆ, ಜನ ಕೊಡುವ ಮರ್ಯಾದೆಯ ಅಂತಸ್ತು ಬೇರೆ ಅಂತ ಸಮಾಜಶಾಸ್ತ್ರಜ್ಞ ವೆಬರ್ ಅಂದದ್ದು ಆವತ್ತು ಅರ್ಥವಾಯಿತು. ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಉಳಿದಿದೆ, ಕೆಳಗಿದ್ದವರು ಇಷ್ಟೊಂದು ಮಂದಿ ಇದ್ದರೂ ಯಾಕೆ ಸೇರೋದಿಲ್ಲ?

ಬ್ಯಾಡಗಿ ಪೇಟೆ:

ಅಕ್ಕಾ, ಅದಕ್ಕೆ ಅಂಬೇಡ್ಕರ್ ಹತ್ತಿರ ಹೋಗಬೇಕು. ಜಾತಿ ಅಂದರೆ ಬರೀ ಕೆಲಸ ಹಂಚಿಕೊಳ್ಳೋದಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡಿ ಮೇಲೆ ಕೆಳಗೆ ಇಟ್ಟಿರೋದು ಅಂತ 1936ರಲ್ಲೇ ಬರೆದರು. ಮೆಟ್ಟಿಲು ಮೆಟ್ಟಿಲಾಗಿ ಇಟ್ಟಾಗ ಪ್ರತಿಯೊಬ್ಬರಿಗೂ ತನ್ನ ಕೆಳಗೆ ಒಬ್ಬ ಇದ್ದಾನೆ ಅನ್ನೋ ಸಮಾಧಾನ ಇರುತ್ತದೆ. ಅದನ್ನು ಬಿಟ್ಟುಕೊಡೋಕೆ ಮನಸ್ಸಾಗೋದಿಲ್ಲ.

ನಮ್ಮ ಮೆಣಸಿನಕಾಯಿ ಪೇಟೆಯಲ್ಲೂ ಹೀಗೇ. ರೈತ ಚೀಲ ತಂದು ಹಾಕಿದ ಮೇಲೆ ದರ ಅವನ ಕೈಯಲ್ಲಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಬೆಂಕಿ ಹಚ್ಚಿದ್ದು ಸರಿ ಅನ್ನೋದಿಲ್ಲ. ಆದರೆ ಅದೇ ರೈತನ ಹೊಲದಲ್ಲಿ ಕಾಯಿ ಬಿಡಿಸಿದ ಹೆಣ್ಣಾಳಿಗೆ ಕೂಲಿ ಎಷ್ಟು ಕೊಟ್ಟ? ಪೇಟೆಯಲ್ಲಿ ಕೂತು ಕಾಯಿಯ ತೊಟ್ಟು ಮುರಿಯುವ ಹೆಂಗಸರಿಗೆ ಕೈಯೆಲ್ಲಾ ಉರಿ, ಕೆಮ್ಮು, ಅವರಿಗೆ ಕೊಡೋದು ಕಿಲೋ ಲೆಕ್ಕ. ದಲಾಲಿ ಅಂಗಡಿ ಮುಂದೆ ಸೋತವನು ತನ್ನ ಹೊಲದಲ್ಲಿ ಮಾಲೀಕ. ಒಬ್ಬನೇ ಮನುಷ್ಯ ಎರಡು ಕಡೆ ನಿಂತಿರುತ್ತಾನೆ, ಹಾಗಾಗಿ ಸಾಲು ಎಲ್ಲಿ ಎಳೆಯೋದು ಅನ್ನೋದು ಸುಲಭ ಅಲ್ಲ.

ಹೆಣ್ಣಾಳು ಕೂಲಿ ಕೇಳೋದಿಲ್ಲ ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪೋದಿಲ್ಲ. ಕಸ ತೆಗೆಯೋ ಹಂಗಾಮಿನಲ್ಲಿ ನೋಡಿ. ಎಲ್ಲರ ಹೊಲಕ್ಕೂ ಒಮ್ಮೆಲೇ ಆಳು ಬೇಕು. ಆಗ ಹೆಂಗಸರ ಗುಂಪು ದಿನಗೂಲಿ ಒಲ್ಲೆವು, ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡುತ್ತದೆ, ಜಾಸ್ತಿ ಕೊಡೋರ ಹೊಲಕ್ಕೆ ಮೊದಲು ಹೋಗುತ್ತದೆ. ಜಗಳ ಇಲ್ಲ, ಘೋಷಣೆ ಇಲ್ಲ. ಒಂದು ಹೊಲಕ್ಕೆ ನಾಳೆ ಬರುತ್ತೇವೆ ಅಂತ ಹೇಳಿ ಇನ್ನೊಂದಕ್ಕೆ ಹೋಗಿಬಿಡೋದು. ಊರಿಗೆ ಹೋದಾಗ ಅಂಥ ಗುಂಪಿನ ಹಿರಿಯಳು ಯಾರು ಅಂತ ಹುಡುಕಿ. ದರ ಯಾರು ಮಾತಾಡುತ್ತಾರೆ, ಯಾವ ಹೊಲದವರಿಗೆ ಬರೋದಿಲ್ಲ ಅಂದಿದ್ದರು, ಆಮೇಲೆ ಅವರು ಏನು ಮಾಡಿದರು, ಇಷ್ಟು ಕೇಳಿ ಬಂದು ಇಲ್ಲೇ ಬರೆಯಿರಿ.